ಸ್ಯಾಂಪಲ್ ತೆಗೆಯುವ ಮೊದಲೇ ಬಯೋಇನ್ಫರ್ಮ್ಯಾಟಿಕ್ಸ್‌ನವರನ್ನು ಕರೆಯಿರಿ

ಮಾನ್ಯ ಸಂಪಾದಕರೇ,

ನಮ್ಮ ದಾವಣಗೆರೆ ಭಾಗದ ಬೀಜ ಕಂಪನಿಗಳಿಗೆ, ಜೈವಿಕ ಗೊಬ್ಬರ ಮತ್ತು ಜೈವಿಕ ಕೀಟನಾಶಕ ತಯಾರಿಸುವವರಿಗೆ, ಡಯಾಗ್ನೋಸ್ಟಿಕ್ ಲ್ಯಾಬ್‌ಗಳಿಗೆ ಡಿಎನ್‌ಎ ಸೀಕ್ವೆನ್ಸಿಂಗ್, ಅಂದರೆ ಡಿಎನ್‌ಎಯ ಅಕ್ಷರಗಳನ್ನು ಸಾಲಾಗಿ ಓದಿಸುವುದು, ಇವತ್ತು ದೊಡ್ಡ ಮಾತಲ್ಲ. ಎಲೆಯನ್ನೋ ಲ್ಯಾಬಿನಲ್ಲಿ ಬೆಳೆಸಿದ ಬ್ಯಾಕ್ಟೀರಿಯಾದ ಕಲ್ಚರನ್ನೋ ಪ್ಯಾಕ್ ಮಾಡಿ ಬೆಂಗಳೂರಿಗೆ ಕೊರಿಯರ್ ಹಾಕಿದರೆ ಕೆಲವು ವಾರಗಳಲ್ಲಿ ಡೇಟಾ ತುಂಬಿದ ಹಾರ್ಡ್ ಡಿಸ್ಕ್ ಬಂದು ಮೇಜಿನ ಮೇಲೆ ಕೂರುತ್ತದೆ. ಅದನ್ನು ಓದಿ ಅರ್ಥ ಹೇಳುವ ಬಯೋಇನ್ಫರ್ಮ್ಯಾಟಿಕ್ಸ್ ತಜ್ಞರ ನೆನಪಾಗುವುದು ಆಗ. ‘ಡೇಟಾ ಎಲ್ಲಾ ರೆಡಿ ಇದೆ ಸರ್, ನೀವು ಬರೀ ಅನಾಲಿಸಿಸ್ ಮಾಡಿಕೊಟ್ಟರೆ ಸಾಕು’ ಎಂದು ಫೋನ್ ಬರುತ್ತದೆ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ. ಅಷ್ಟರಲ್ಲಿ ಹಣದ ಬಹುಪಾಲು ಖರ್ಚಾಗಿರುತ್ತದೆ. ಸ್ಯಾಂಪಲ್ ತೆಗೆಯುವಾಗ ಆದ ಎಡವಟ್ಟನ್ನು ಆಮೇಲೆ ಯಾವ ಸಾಫ್ಟ್‌ವೇರೂ ತಿದ್ದಲಾರದು. ಇದೇ ಕೆಲಸದಲ್ಲಿರುವ ನಾವು ಕೆಲವರು, ಕಂಪನಿಯವರು ಇಂಥ ತಜ್ಞರ ಜೊತೆ ಹೇಗೆ ಕೆಲಸ ಮಾಡಿದರೆ ಹಣ ದಂಡವಾಗುವುದಿಲ್ಲ ಎಂಬುದನ್ನು ಬರೆಯುತ್ತಿದ್ದೇವೆ. ಪತ್ರ ಉದ್ದವಾಗಿದೆ. ಕತ್ತರಿ ಹಾಕಲೇಬೇಕಾದರೆ ಒಪ್ಪಂದದ ಭಾಗಕ್ಕೆ ಹಾಕಿ, ಪ್ಲೇಟಿನ ವಿಷಯ ಮಾತ್ರ ಬಿಡಬೇಡಿ.

ಮೊದಲ ಭೇಟಿಯಲ್ಲಿ ಆಗಬೇಕಾದ ಕೆಲಸ ಒಂದೇ: ಪ್ರಶ್ನೆಯನ್ನು ಒಂದು ವಾಕ್ಯಕ್ಕೆ ಇಳಿಸುವುದು. ‘ನಮ್ಮ ಮೆಕ್ಕೆಜೋಳದ ಜೀನೋಮ್ ಸ್ಟಡಿ ಮಾಡಬೇಕು’ ಎಂಬುದು ಪ್ರಶ್ನೆಯಲ್ಲ. ‘ಈ ಹೈಬ್ರಿಡ್ ಲಾಟಿನಲ್ಲಿ ಬೆರಕೆ ಬೀಜ ಶೇ 3ಕ್ಕಿಂತ ಹೆಚ್ಚಿದೆಯೇ, ಮಾರಾಟಕ್ಕೆ ಬಿಡಬಹುದೇ’ ಎಂಬುದು ಪ್ರಶ್ನೆ. ಹೀಗೆ ಕೇಳಿದ ಕೂಡಲೇ ಖರ್ಚಿನ ಲೆಕ್ಕವೇ ಬದಲಾಗುತ್ತದೆ. ಮೆಕ್ಕೆಜೋಳದ ಜೀನೋಮ್‌ನಲ್ಲಿ, ಅಂದರೆ ಅದರ ಇಡೀ ಡಿಎನ್‌ಎಯಲ್ಲಿ, ಸುಮಾರು 230 ಕೋಟಿ ಅಕ್ಷರಗಳಿವೆ. ಹತ್ತು ಪಟ್ಟು ಆಳಕ್ಕೆ, ಅಂದರೆ ಒಂದೊಂದು ಅಕ್ಷರವನ್ನೂ ಸರಾಸರಿ ಹತ್ತು ಸಲ ಓದಿಸಿದರೆ ಒಂದೊಂದು ಗಿಡಕ್ಕೂ 2,300 ಕೋಟಿ ಅಕ್ಷರಗಳ ದುಡ್ಡು ಕೊಡಬೇಕು. ಬೀಜದ ಶುದ್ಧತೆ ನೋಡಲು ಅದರ ಅಗತ್ಯವೇ ಇಲ್ಲ. ತಾಯಿ ತಳಿಗೂ ತಂದೆ ತಳಿಗೂ ವ್ಯತ್ಯಾಸವಿರುವ ಜಾಗಗಳನ್ನು ಆರಿಸಿ, 10 ಕ್ರೋಮೋಸೋಮ್‌ಗಳಲ್ಲಿ ತಲಾ ಎರಡರಂತೆ ಅಂಥ 20 ಜಾಗಗಳನ್ನು ಮಾರ್ಕರ್, ಅಂದರೆ ಗುರುತಾಗಿ ಇಟ್ಟುಕೊಂಡರೆ ಕೆಲಸ ನಡೆಯುತ್ತದೆ. ನಿಜವಾದ ಹೈಬ್ರಿಡ್ ಬೀಜದಲ್ಲಿ ಪ್ರತಿ ಮಾರ್ಕರಿನಲ್ಲೂ ಇಬ್ಬರ ಅಕ್ಷರವೂ ಕಾಣಬೇಕು. ಹೆಣ್ಣು ಸಾಲಿನಲ್ಲಿ ಸೂಲಂಗಿ (ಗಂಡು ಹೂಗೊಂಚಲು) ಕೀಳುವುದು ತಪ್ಪಿ ತನ್ನ ಪರಾಗಕ್ಕೇ ಕಾಳು ಕಟ್ಟಿದ್ದರೆ ಎಲ್ಲ ಕಡೆಯೂ ತಾಯಿಯ ಅಕ್ಷರವೇ ಇರುತ್ತದೆ. ಪಕ್ಕದ ಹೊಲದ ಪರಾಗ ಬಂದು ಬಿದ್ದಿದ್ದರೆ ಕೆಲವು ಮಾರ್ಕರಿನಲ್ಲಿ ಹೈಬ್ರಿಡ್‌ನಂತೆಯೂ ಕೆಲವದರಲ್ಲಿ ತಾಯಿಯಂತೆಯೂ ಕಾಣುತ್ತದೆ. ಒಂದೇ ಮಾರ್ಕರ್ ಸಾಲದು ಎನ್ನುವುದು ಇದಕ್ಕೇ. ಬೀಜವನ್ನು ಹೊಲದಲ್ಲಿ ಬೆಳೆಸಿ ನೋಡುವ ಗ್ರೋ ಔಟ್ ಟೆಸ್ಟ್‌ಗೆ ಒಂದು ಹಂಗಾಮು ಕಾಯಬೇಕು, ಡಿಎನ್‌ಎ ಪರೀಕ್ಷೆಗೆ ಟ್ರೇಯಲ್ಲಿ ಮೊಳೆಸಿದ ಎಳೆ ಸಸಿಯ ಎಲೆ ಸಾಕು.

ಎಷ್ಟು ಬೀಜ ನೋಡಬೇಕು ಎಂಬಲ್ಲಿ ಬಹಳ ಜನ ಎಡವುತ್ತಾರೆ. 30 ಬೀಜ ನೋಡಿ ಒಂದೂ ಬೆರಕೆ ಸಿಗಲಿಲ್ಲವೆಂದರೆ ‘ನೂರಕ್ಕೆ ನೂರು ಶುದ್ಧ’ ಎಂದು ಬರೆದುಬಿಡುತ್ತಾರೆ. ಲೆಕ್ಕ ಹಾಗೆ ಹೇಳುವುದಿಲ್ಲ. ಬೆರಕೆ ಸೊನ್ನೆ ಬಂದಾಗ 3ನ್ನು ಬೀಜದ ಸಂಖ್ಯೆಯಿಂದ ಭಾಗಿಸಿ. ಶೇ 95ರ ವಿಶ್ವಾಸದಲ್ಲಿ ಲಾಟಿನ ಬೆರಕೆ ಅಷ್ಟರವರೆಗೂ ಇರಬಹುದು. 30 ಬೀಜಕ್ಕೆ ಅದು ಶೇ 10. 100ಕ್ಕೆ ಶೇ 3. ಶೇ 1ರೊಳಗಿದೆ ಎಂದು ಧೈರ್ಯವಾಗಿ ಹೇಳಬೇಕಾದರೆ 300 ಬೀಜ ಬೇಕು. ಆ ಬೀಜಗಳೂ ಲಾಟಿನ ಬೇರೆ ಬೇರೆ ಚೀಲಗಳಿಂದ, ಚೀಲದ ಮೇಲು, ನಡು, ತಳದಿಂದ ಬರಬೇಕು. ಎದುರಿಗೆ ಕಂಡ ಒಂದು ಚೀಲಕ್ಕೆ ಕೈ ಹಾಕಿ ತೆಗೆದ ಹಿಡಿ ಬೀಜ ಆ ಚೀಲದ ಮಾತನ್ನಷ್ಟೇ ಹೇಳುತ್ತದೆ.

ಈಗ ಪ್ಲೇಟ್. ಡಿಎನ್‌ಎ ಕೆಲಸ ನಡೆಯುವುದು 96 ಗುಳಿಗಳ ಪ್ಲಾಸ್ಟಿಕ್ ಪ್ಲೇಟಿನಲ್ಲಿ: ಎ ಯಿಂದ ಎಚ್ ವರೆಗೆ 8 ಸಾಲು, 1ರಿಂದ 12ರವರೆಗೆ ಕಂಬ. ನೋಡಲು ಆಯತಾಕಾರ. ಕೈತಪ್ಪಿ ಅರ್ಧ ಸುತ್ತು ತಿರುಗಿಸಿ ಮೆಷಿನ್‌ನಲ್ಲಿ ಇಟ್ಟರೂ ಸರಿಯಾಗಿಯೇ ಕೂತುಬಿಡುತ್ತದೆ. ಆಗ ಎ1ರಲ್ಲಿದ್ದ ಸ್ಯಾಂಪಲ್ ಎಚ್12 ಎಂದು ದಾಖಲಾಗುತ್ತದೆ, ಎ2ರದ್ದು ಎಚ್11 ಆಗುತ್ತದೆ, ಹೀಗೆ 96ಕ್ಕೆ 96ರ ಹೆಸರೂ ಅದಲು ಬದಲು. ಡೇಟಾ ಮಾತ್ರ ಅಚ್ಚುಕಟ್ಟಾಗಿ ಬರುತ್ತದೆ, ಗುಣಮಟ್ಟದ ಅಂಕವೂ ಚೆನ್ನಾಗಿರುತ್ತದೆ, ಯಾರಿಗೂ ಅನುಮಾನ ಬರುವುದಿಲ್ಲ. ಇದನ್ನು ಹಿಡಿಯುವ ಉಪಾಯ ಸುಲಭ. ಏನೂ ಹಾಕದ ಒಂದು ಖಾಲಿ ಗುಳಿ, ತಾಯಿ ತಳಿ ಒಂದು, ತಂದೆ ತಳಿ ಒಂದು, ಖಾತ್ರಿ ಹೈಬ್ರಿಡ್ ಒಂದು, ಹೀಗೆ ನಾಲ್ಕು ಗುಳಿ ಮೀಸಲಿಡಿ. ಉಳಿದ 92ರಲ್ಲಿ ಬೀಜಗಳು. ಆ ನಾಲ್ಕನ್ನು ಒಂದಕ್ಕೊಂದು ಎದುರುಬದುರು ಬಾರದ ಹಾಗೆ, ಉದಾಹರಣೆಗೆ ಬಿ3, ಡಿ7, ಎಫ್2, ಎಚ್12ರಲ್ಲಿ ಹಾಕಿ. ಪ್ಲೇಟ್ ತಿರುಗಿದ್ದರೆ ಖಾಲಿ ಇರಬೇಕಾದಲ್ಲಿ ಡಿಎನ್‌ಎ ಕಾಣುತ್ತದೆ, ಐದು ನಿಮಿಷದಲ್ಲಿ ಗುಟ್ಟು ಬಯಲು. ಎರಡು ಪ್ಲೇಟ್ ಇದ್ದರೆ ಎರಡರಲ್ಲೂ ಖಾಲಿ ಗುಳಿ ಬೇರೆ ಬೇರೆ ಜಾಗದಲ್ಲಿರಲಿ, ಪ್ಲೇಟಿಗೆ ಪ್ಲೇಟೇ ಅದಲು ಬದಲಾದರೂ ಗೊತ್ತಾಗುತ್ತದೆ. ನಾಲ್ಕು ಗುಳಿ ದಂಡ ಎಂದು ಬೀಜ ತುಂಬಿಸುವ ಮ್ಯಾನೇಜರ್‌ಗಳಿದ್ದಾರೆ. ಅವರಿಗೆ ಈ ಪ್ಯಾರಾ ತೋರಿಸಿ.

ಇದರ ಜೊತೆಗಿನ ಇನ್ನೊಂದು ಉಪದ್ರವ ಎಕ್ಸೆಲ್. ಟ್ರಯಲ್ ಹೊಲದಲ್ಲಿ ಪ್ಲಾಟಿಗೆ ‘3-2’ ಎಂದು ಹೆಸರಿಡುತ್ತೀರಿ, ಮೂರನೇ ಸಾಲು, ಎರಡನೇ ಪ್ಲಾಟ್. ಎಕ್ಸೆಲ್ ಅದನ್ನು ತಾರೀಕು ಎಂದು ತಿಳಿದು ತಿರುಚಿಬಿಡುತ್ತದೆ. ‘1ಇ5’ ಎಂಬ ಸ್ಯಾಂಪಲ್ ಅನ್ನು ಇಂಗ್ಲಿಷ್‌ನಲ್ಲಿ ಟೈಪ್ ಮಾಡಿದರೆ ಒಂದು ಲಕ್ಷ ಎಂಬ ಸಂಖ್ಯೆಯಾಗುತ್ತದೆ, ‘007’ ಬರೀ 7 ಆಗುತ್ತದೆ. ಜೀನ್‌ಗಳಿಗೂ ಇದೇ ಗತಿ: ಮಾರ್ಚ್1, ಸೆಪ್ಟ್2 ಎಂಬ ಮನುಷ್ಯರ ಜೀನ್‌ಗಳು ತಾರೀಕಾಗುವ ಕಾಟ ತಾಳಲಾರದೆ, ಹೆಸರಿಡುವ ಅಂತರರಾಷ್ಟ್ರೀಯ ಸಮಿತಿಯೇ 2020ರಲ್ಲಿ ಅವುಗಳ ಹೆಸರು ಬದಲಿಸಿತು. ಹಾಗಾಗಿ ಸ್ಯಾಂಪಲ್ ಹೆಸರು ಇಂಗ್ಲಿಷ್ ಅಕ್ಷರದಿಂದ ಶುರುವಾಗಲಿ, ನಡುವೆ ಸ್ಪೇಸ್, ಹೈಫನ್, ಸ್ಲ್ಯಾಷ್ ಬೇಡ, ಎಲ್ಲ ಹೆಸರೂ ಒಂದೇ ಉದ್ದವಿರಲಿ. ಟ್ಯೂಬಿನ ಮೇಲೆ ಸಾಮಾನ್ಯ ಮಾರ್ಕರ್ ಪೆನ್ನಿನಲ್ಲಿ ಬರೆದದ್ದು ಆಲ್ಕೋಹಾಲ್ ಸೋಕಿದರೆ ಅಳಿಸಿಹೋಗುತ್ತದೆ. ಫ್ರೀಜರಿನಲ್ಲಿ ಉದುರದ ಅಂಟಿನ ಪ್ರಿಂಟೆಡ್ ಲೇಬಲ್ ಹಾಕಿ, ಮುಚ್ಚಳಕ್ಕಲ್ಲ, ಟ್ಯೂಬಿನ ಮೈಗೆ. ಮುಚ್ಚಳ ಅದಲು ಬದಲಾಗುತ್ತದೆ.

ಶುದ್ಧತೆ ಪರೀಕ್ಷೆ ಬಿಟ್ಟು ‘ಈ ತಳಿ ಬರ ತಡೆಯುತ್ತದೆ, ಯಾಕೆ’ ಎಂಬಂಥ ಪ್ರಶ್ನೆಗೆ ಬಂದರೆ, ಯಾವ ಜೀನ್ ಎಷ್ಟು ಕೆಲಸ ಮಾಡುತ್ತಿದೆ ಎಂದು ತೋರಿಸುವ ಆರ್‌ಎನ್‌ಎ ನೋಡಬೇಕಾಗುತ್ತದೆ. ಅಲ್ಲಿ ಹೊಲದ ಕೆಲಸವೇ ಮುಕ್ಕಾಲು ಪಾಲು. ಬರ ತಡೆಯುವ ತಳಿಯ ಎಲೆಯನ್ನು ಜಗಳೂರಿನ ಒಣ ಹೊಲದಲ್ಲಿ ಬೆಳಿಗ್ಗೆ ಏಳಕ್ಕೆ ಕಿತ್ತು, ತಡೆಯದ ತಳಿಯದನ್ನು ಭದ್ರಾ ಅಚ್ಚುಕಟ್ಟಿನಲ್ಲಿ ಮಧ್ಯಾಹ್ನ ಕಿತ್ತರೆ ಸಿಗುವ ವ್ಯತ್ಯಾಸ ತಳಿಯದ್ದೋ, ನೀರಿನದ್ದೋ, ಬಿಸಿಲಿನದ್ದೋ ಯಾರೂ ಹೇಳಲಾರರು. ಗಿಡದ ಜೀನ್‌ಗಳಲ್ಲಿ ಬಹಳಷ್ಟು ದಿನದ ಹೊತ್ತಿಗೆ ತಕ್ಕಂತೆ ಏರಿಳಿಯುತ್ತವೆ. ಎರಡೂ ತಳಿ ಒಂದೇ ಹೊಲದಲ್ಲಿ ಅಕ್ಕಪಕ್ಕ ಇರಬೇಕು, ಒಂದೇ ಗಂಟೆಯೊಳಗೆ ಎಲೆ ಕೀಳಬೇಕು, ಪ್ರತಿ ಗುಂಪಿಗೆ ಕನಿಷ್ಠ ಮೂರು ಬೇರೆ ಬೇರೆ ಗಿಡ, ಕೈಯಲ್ಲಾದರೆ ಆರು. ಮೂರು ಗಿಡದ ಎಲೆಯನ್ನು ಒಂದೇ ಟ್ಯೂಬಿಗೆ ಹಾಕಿದರೆ ಅದು ಒಂದು ಸ್ಯಾಂಪಲ್, ಮೂರಲ್ಲ. ಲ್ಯಾಬಿನಲ್ಲಿ ಆರ್‌ಎನ್‌ಎ ತೆಗೆಯುವಾಗಲೂ ಒಂದು ತಳಿ ಸೋಮವಾರ, ಇನ್ನೊಂದು ಗುರುವಾರ ಎಂದು ಮಾಡದೆ ಪ್ರತಿ ದಿನವೂ ಎರಡನ್ನೂ ಬೆರೆಸಿ ತೆಗೆಯಬೇಕು. ಇಲ್ಲದಿದ್ದರೆ ಕಾಣುವುದು ಸೋಮವಾರಕ್ಕೂ ಗುರುವಾರಕ್ಕೂ ಇರುವ ವ್ಯತ್ಯಾಸ.

ಡಿಎನ್‌ಎಗೆ ಬೇಕಾದ ಎಲೆಯನ್ನು ಅದರ ತೂಕದ ಹತ್ತು ಪಟ್ಟು ಸಿಲಿಕಾ ಜೆಲ್ ಹಾಕಿ ಒಣಗಿಸಿದರೆ ಸಾಕು, ಕೊರಿಯರ್‌ನಲ್ಲಿ ಆರಾಮವಾಗಿ ಹೋಗುತ್ತದೆ. ಆರ್‌ಎನ್‌ಎ ಹಾಗಲ್ಲ, ಕಿತ್ತ ಕೂಡಲೇ ದ್ರವ ಸಾರಜನಕಕ್ಕೆ ಬೀಳಬೇಕು. ಹೆಸರು ಕೇಳಿ ಹೆದರಬೇಕಿಲ್ಲ, ದನಗಳ ಕೃತಕ ಗರ್ಭಧಾರಣೆಗೆ ವೀರ್ಯ ಕಡ್ಡಿ ಇಡುವ ಕ್ಯಾನ್‌ಗಳಲ್ಲಿ ಇರುವುದೂ ಅದೇ.

ಆರ್‌ಎನ್‌ಎ ಹೋಲಿಕೆಯಲ್ಲಿ ಅಂಕಿಸಂಖ್ಯೆಯ ಒಂದು ಬಲೆಯೂ ಇದೆ. ಮೆಕ್ಕೆಜೋಳದಲ್ಲಿ ಸುಮಾರು 40 ಸಾವಿರ ಜೀನ್‌ಗಳಿವೆ. ಪ್ರತಿಯೊಂದನ್ನೂ ಶೇ 5ರ ಗಡಿಯಲ್ಲಿ (ನೂರಕ್ಕೆ ಐದು ಸಲ ಬರೀ ಆಕಸ್ಮಿಕವಾಗಿ ವ್ಯತ್ಯಾಸ ಕಂಡರೂ ಸರಿ ಎಂದು ಒಪ್ಪಿ) ಪರೀಕ್ಷಿಸಿದರೆ, ನಿಜವಾಗಿ ಏನೂ ವ್ಯತ್ಯಾಸವಿಲ್ಲದಿದ್ದರೂ 2,000 ಜೀನ್‌ಗಳು ‘ಮುಖ್ಯ’ ಎಂದು ತೋರುತ್ತವೆ. ತಜ್ಞರು ಇದನ್ನು ತಿದ್ದುವ ಲೆಕ್ಕ ಹಾಕಿ ಪಟ್ಟಿಯನ್ನು 60ಕ್ಕೋ 15ಕ್ಕೋ ಇಳಿಸಿದಾಗ ‘ಇಷ್ಟೇನಾ?’ ಎಂದು ಮುಖ ಸಿಂಡರಿಸುವ ಕಂಪನಿಯವರು ಇದ್ದಾರೆ. ಉದ್ದ ಪಟ್ಟಿ ಕೊಡುವವರ ಬಗ್ಗೆ ಅನುಮಾನ ಪಡುವುದು ಮೇಲು.

ಜೈವಿಕ ಕೀಟನಾಶಕದವರಿಗೆ ಒಂದು ಮಾತು. ತಮ್ಮ ಬ್ಯಾಕ್ಟೀರಿಯಾ ಹುಳು ಕೊಲ್ಲುವ ಬ್ಯಾಸಿಲಸ್ ಥುರಿಂಜಿಯೆನ್ಸಿಸ್ ಎಂದು ಸಾಬೀತು ಮಾಡಲು, ಬ್ಯಾಕ್ಟೀರಿಯಾ ಗುರುತಿಸಲು ಬಳಸುವ 16ಎಸ್ ಜೀನ್ ಓದಿಸಿ, ‘ಶೇ 99.9 ಹೊಂದಾಣಿಕೆ’ ಎಂಬ ಕಾಗದ ಇಟ್ಟುಕೊಳ್ಳುತ್ತಾರೆ. ಆ ಜೀನ್‌ನ ಉದ್ದ ಸುಮಾರು 1,500 ಅಕ್ಷರ. ಅನ್ನ ಕೆಡಿಸಿ ವಾಂತಿ ಭೇದಿ ತರಿಸುವ ಬ್ಯಾಸಿಲಸ್ ಸೀರಿಯಸ್‌ನಲ್ಲೂ ಅದು ಹೆಚ್ಚುಕಮ್ಮಿ ಹಾಗೇ ಇದೆ. ಹುಳು ಕೊಲ್ಲುವ ಕ್ರೈ ಜೀನ್‌ಗಳು ಸಾಮಾನ್ಯವಾಗಿ ಪ್ಲಾಸ್ಮಿಡ್ ಎಂಬ ಪ್ರತ್ಯೇಕ ಪುಟ್ಟ ಡಿಎನ್‌ಎ ಉಂಗುರಗಳ ಮೇಲೆ ಕೂತಿರುತ್ತವೆ, 16ಎಸ್ ಪರೀಕ್ಷೆ ಅತ್ತ ನೋಡುವುದೇ ಇಲ್ಲ. ಇಡೀ ಜೀನೋಮ್ ಓದಿಸಬೇಕು. ಅದು ದುಬಾರಿಯೇನಲ್ಲ: ಸುಮಾರು 60 ಲಕ್ಷ ಅಕ್ಷರ, 100 ಪಟ್ಟು ಆಳಕ್ಕೆ 60 ಕೋಟಿ, ಪ್ರತಿ ತುಣುಕಿನ ಎರಡೂ ತುದಿಯಿಂದ ತಲಾ 150 ಅಕ್ಷರ ಓದುವ ಮೆಷಿನ್‌ನಲ್ಲಿ 20 ಲಕ್ಷ ಜೋಡಿ. ಆದರೆ ಚಿಕ್ಕ ತುಣುಕುಗಳಿಂದ ಜೋಡಿಸಿದಾಗ ಮರುಕಳಿಸುವ ಭಾಗಗಳಲ್ಲಿ ಪ್ಲಾಸ್ಮಿಡ್ ಚೂರುಚೂರಾಗುತ್ತದೆ. ಉದ್ದ ತುಣುಕು ಓದುವ ನ್ಯಾನೋಪೋರ್ ಡೇಟಾ ಸ್ವಲ್ಪ ಸೇರಿಸಿಕೊಂಡರೆ ಪೂರ್ತಿ ಉಂಗುರ ಸಿಗುತ್ತದೆ. ಇದು ಆರ್ಡರ್ ಕೊಡುವ ಮೊದಲು ಒಂದು ಫೋನಿನಲ್ಲಿ ಮುಗಿಯುವ ಮಾತು. ತಯಾರಿಕೆಯಲ್ಲಿ ತಲೆಮಾರು ದಾಟಿದಂತೆ ಪ್ಲಾಸ್ಮಿಡ್ ಕಳೆದುಹೋಗುವುದೂ ಉಂಟು, ಹಾಗಾಗಿ ಮೂಲ ಕಲ್ಚರನ್ನಷ್ಟೇ ಅಲ್ಲ, ಡ್ರಮ್ಮಿನಿಂದ ತೆಗೆದ ಮಾದರಿಯನ್ನೂ ಓದಿಸಿ.

ಡೇಟಾ ಕೈಗೆ ಬಂದಾಗ ಫೈಲುಗಳ ಜೊತೆ ಚೆಕ್‌ಸಮ್ (ಫೈಲಿನ ಬೆರಳಚ್ಚಿನಂಥ ಸಂಕೇತ) ಪಟ್ಟಿ ಕೇಳಿ ಪಡೆಯಿರಿ. ಕಾಪಿ ಮಾಡುವಾಗ ಫೈಲ್ ಅರ್ಧಕ್ಕೆ ತುಂಡಾಗಿದ್ದರೆ ಅದರಿಂದ ತಕ್ಷಣ ಗೊತ್ತಾಗುತ್ತದೆ. ಮನುಷ್ಯನ ಒಂದು ಜೀನೋಮ್ 30 ಪಟ್ಟು ಆಳಕ್ಕೆ ಓದಿಸಿದರೆ ಸುಮಾರು 100 ಜಿಬಿ ಇಟ್ಟುಕೊಳ್ಳಿ. 50 ಎಂಬಿಪಿಎಸ್ ಅಪ್‌ಲೋಡ್ ಸ್ಪೀಡಿನಲ್ಲಿ ಅದನ್ನು ಕಳಿಸಲು ನಾಲ್ಕೂವರೆ ಗಂಟೆ, ಇಪ್ಪತ್ತು ಸ್ಯಾಂಪಲ್ ಇದ್ದರೆ ಹೆಚ್ಚುಕಮ್ಮಿ ನಾಲ್ಕು ದಿನ. ಹಾರ್ಡ್ ಡಿಸ್ಕಿನಲ್ಲೇ ಕಳಿಸುವುದು ಜಾಣತನ, ಆದರೆ ಇನ್ನೊಂದು ಕಾಪಿ ನಿಮ್ಮ ಕಪಾಟಿನಲ್ಲಿ ಇದ್ದಾಗ ಮಾತ್ರ. ಮೂಲ ಫೈಲುಗಳನ್ನು ಅಳಿಸಬೇಡಿ. ನಡುವಿನ ಫೈಲುಗಳನ್ನು ಬೇಕಾದಾಗ ಮತ್ತೆ ತಯಾರಿಸಬಹುದು.

ಹೋಲಿಕೆಗೆ ಬಳಸುವ ಮಾದರಿ, ಅಂದರೆ ರೆಫರೆನ್ಸ್ ಜೀನೋಮ್ ಯಾವುದು, ಅದರ ಎಷ್ಟನೇ ಆವೃತ್ತಿ ಎಂಬುದನ್ನು ಒಪ್ಪಂದದಲ್ಲೇ ಬರೆಯಬೇಕು. ಮೆಕ್ಕೆಜೋಳದ ಬಿ73 ತಳಿಯ 4ನೇ ಮತ್ತು 5ನೇ ಆವೃತ್ತಿಗಳಲ್ಲಿ ಒಂದೇ ಮಾರ್ಕರಿನ ವಿಳಾಸ ಬೇರೆ ಬೇರೆ. ಮನುಷ್ಯರದ್ದಾದರೆ 2009ರ ಜಿಆರ್‌ಸಿಎಚ್37 ಎಂಬ ಆವೃತ್ತಿ ಇನ್ನೂ ಬಹಳ ಲ್ಯಾಬುಗಳಲ್ಲಿ ಓಡುತ್ತಿದೆ, 2013ರ 38 ಕೂಡ ಇದೆ. ಹಳೆಯ ಪಟ್ಟಿಯನ್ನು ಹೊಸದಕ್ಕೆ ಹೋಲಿಸಿದರೆ ಪ್ರೋಗ್ರಾಂ ತಪ್ಪು ಎಂದು ಕೂಗುವುದಿಲ್ಲ, ತಣ್ಣಗೆ ತಪ್ಪು ಉತ್ತರ ಕೊಡುತ್ತದೆ.

ಇನ್ನು ಒಪ್ಪಂದ. ಕೆಲಸದ ಬೆಲೆಯನ್ನು ಫಲಿತಾಂಶಕ್ಕೆ ಕಟ್ಟಬೇಡಿ. ‘ಒಳ್ಳೆಯ ಮಾರ್ಕರ್ ಸಿಕ್ಕರೆ ಮಾತ್ರ ಹಣ’ ಎಂದರೆ ಸಿಗದಿದ್ದರೂ ಸಿಕ್ಕಿಸುವ ಆಸೆ ಹುಟ್ಟುತ್ತದೆ. ಮೊದಲು ಎಂಟು ಸ್ಯಾಂಪಲ್‌ಗಳ ಪೈಲಟ್ ಮಾಡಿಸಿ, ಅದರ ಹಣ ಬೇರೆಯಾಗಿ ಕೊಡಿ, ಆಮೇಲೆ ಮುಂದಕ್ಕೆ ಹೋಗುವುದೋ ಬಿಡುವುದೋ ಇಬ್ಬರೂ ತೀರ್ಮಾನಿಸಿ. ಎಷ್ಟು ಹೋಲಿಕೆ, ಎಷ್ಟು ಸಲ ತಿದ್ದುಪಡಿ ಎಂಬುದನ್ನು ಎಣಿಸಿ ಬರೆಯಿರಿ. ‘ಇನ್ನೊಂದು ಗ್ರಾಫ್ ಹಾಕಿಕೊಡಿ’ ಎಂಬ ಬೇಡಿಕೆಗೆ ಕೊನೆಯೇ ಇರುವುದಿಲ್ಲ, ಜಗಳ ಹತ್ತುವುದು ಸಾಮಾನ್ಯವಾಗಿ ಅಲ್ಲೇ. ಕೊನೆಗೆ ಬರೀ ಪಿಡಿಎಫ್ ತೆಗೆದುಕೊಂಡು ಸುಮ್ಮನಾಗಬೇಡಿ. ಎಣಿಕೆಯ ಪಟ್ಟಿಗಳು, ಬರೆದ ಕೋಡ್, ಬಳಸಿದ ಪ್ರತಿ ಸಾಫ್ಟ್‌ವೇರಿನ ಆವೃತ್ತಿ, ಅದನ್ನೆಲ್ಲ ಮತ್ತೆ ಓಡಿಸುವ ಸೂಚನೆ ಬೇಕು. ಕೊನೆಯ ಕಂತು ಕೊಡುವ ಮೊದಲು ಎರಡು ಸ್ಯಾಂಪಲ್‌ಗಳನ್ನು ಬೇರೊಬ್ಬರ ಕಂಪ್ಯೂಟರಿನಲ್ಲಿ ಓಡಿಸಿ ಅದೇ ಅಂಕಿ ಬರುತ್ತದೆಯೇ ನೋಡಿ. ವಿದ್ಯಾರ್ಥಿಗಳನ್ನು ಇಂಟರ್ನ್ ಆಗಿ ತೆಗೆದುಕೊಂಡಾಗ ಇದು ಇನ್ನೂ ಮುಖ್ಯ. ಪರೀಕ್ಷೆ ಮುಗಿದ ಮೇಲೆ ಹುಡುಗರು ಊರು ಬಿಡುತ್ತಾರೆ, ಕೋಡ್ ಅವರ ಲ್ಯಾಪ್‌ಟಾಪಿನ ಜೊತೆಗೇ ಹೋಗುತ್ತದೆ. ಮೊದಲ ದಿನದಿಂದಲೇ ಕಂಪನಿಯ ಖಾತೆಯಲ್ಲಿ ಕೋಡ್ ಇಡಿಸಿ.

ವಿಶ್ವವಿದ್ಯಾಲಯದವರ ಜೊತೆಯಾದರೆ ಪ್ರಕಟಣೆಯ ಮಾತು ಮೊದಲೇ ಆಗಲಿ. ಅವರಿಗೆ ಪ್ರಬಂಧ ಬೇಕು, ನಿಮಗೆ ಗುಟ್ಟು ಬೇಕು. ಪ್ರಬಂಧದ ಕರಡನ್ನು ಕಂಪನಿ 60ರಿಂದ 90 ದಿನ ನೋಡಿ, ಪೇಟೆಂಟ್ ಹಾಕುವುದಿದ್ದರೆ ಹಾಕಿ, ಆಮೇಲೆ ಬಿಡುವ ಷರತ್ತಿಗೆ ಸಾಮಾನ್ಯವಾಗಿ ಇಬ್ಬರೂ ಒಪ್ಪುತ್ತಾರೆ. ವಿದೇಶಿ ಕಂಪನಿಗೆ ಇಲ್ಲಿನ ಜೈವಿಕ ಸಂಪನ್ಮೂಲದ ಸಂಶೋಧನಾ ಫಲಿತಾಂಶ ಕೊಡುವುದಿದ್ದರೆ 2002ರ ಜೀವವೈವಿಧ್ಯ ಕಾಯ್ದೆಯಡಿ ಚೆನ್ನೈನ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಅನುಮತಿಯ ವಿಷಯ ಬರುತ್ತದೆ, ವಕೀಲರನ್ನು ಕೇಳಿಯೇ ಮುಂದುವರಿಯಿರಿ.

ಆಸ್ಪತ್ರೆ ಮತ್ತು ಡಯಾಗ್ನೋಸ್ಟಿಕ್ ಲ್ಯಾಬಿನವರಿಗೆ ಎರಡೇ ಸಂಗತಿ. ಫೈಲಿನ ಹೆಸರಿನಲ್ಲಿ ರೋಗಿಯ ಹೆಸರು ಇರಬಾರದು; ಹೆಸರು ಮತ್ತು ಕೋಡ್ ಸಂಖ್ಯೆಯ ಪಟ್ಟಿ ಆಸ್ಪತ್ರೆಯಲ್ಲೇ ಉಳಿಯಲಿ, ತಜ್ಞರಿಗೆ ಅದರ ಅಗತ್ಯವಿಲ್ಲ. ಹೆಸರು ತೆಗೆದರೂ ಜೀನೋಮ್ ತಾನೇ ವ್ಯಕ್ತಿಯ ಗುರುತು, ಆದ್ದರಿಂದ ಸಂಶೋಧನೆಯಾದರೆ ರೋಗಿಯ ಒಪ್ಪಿಗೆ ಪತ್ರ, ಎಥಿಕ್ಸ್ ಕಮಿಟಿಯ ಅನುಮತಿ ಎರಡೂ ಬೇಕೇ ಬೇಕು. ಎರಡನೆಯ ಸಂಗತಿ ಹೆಚ್ಚು ಜನ ಗಮನಿಸದ್ದು. ಸ್ಯಾಂಪಲ್ ಅದಲು ಬದಲಾಗಿದೆಯೇ ಎಂದು ತಿಳಿಯಲು ಬಹಳಷ್ಟು ಪೈಪ್‌ಲೈನ್‌ಗಳು (ಡೇಟಾವನ್ನು ಹಂತ ಹಂತವಾಗಿ ಅನಾಲಿಸಿಸ್ ಮಾಡುವ ಪ್ರೋಗ್ರಾಂಗಳು) ತಾವಾಗಿಯೇ ಎಕ್ಸ್, ವೈ ಕ್ರೋಮೋಸೋಮ್ ನೋಡಿ ಗಂಡೋ ಹೆಣ್ಣೋ ಬರೆದುಬಿಡುತ್ತವೆ. ಗರ್ಭಿಣಿಯ ರಕ್ತದಿಂದ ಭ್ರೂಣದ ಡಿಎನ್‌ಎ ನೋಡುವ ಪರೀಕ್ಷೆಯಲ್ಲಿ ಆ ಸಾಲು ಹೊರಬಂದರೆ ಅದು ಭ್ರೂಣಲಿಂಗ ಪತ್ತೆ ನಿಷೇಧಿಸುವ 1994ರ ಪಿಸಿಪಿಎನ್‌ಡಿಟಿ ಕಾಯ್ದೆಯ ಉಲ್ಲಂಘನೆ. ರಿಪೋರ್ಟಿನಲ್ಲಿ ಮುಚ್ಚಿಟ್ಟರೆ ಸಾಲದು, ನಡುವಿನ ಫೈಲುಗಳಲ್ಲೂ ಬಾರದ ಹಾಗೆ ಆ ಹಂತವನ್ನೇ ಆಫ್ ಮಾಡಿಸಿ, ಆಫ್ ಮಾಡಿದ್ದಕ್ಕೆ ಬರವಣಿಗೆಯಲ್ಲಿ ದಾಖಲೆ ಇಟ್ಟುಕೊಳ್ಳಿ.

ಜನ ಎಲ್ಲಿ ಸಿಗುತ್ತಾರೆ ಎಂಬ ಪ್ರಶ್ನೆ ಬರುತ್ತದೆ. ತೋಳಹುಣಸೆಯ ದಾವಣಗೆರೆ ವಿಶ್ವವಿದ್ಯಾಲಯದಲ್ಲಿ ಬಯೋಕೆಮಿಸ್ಟ್ರಿ, ಮೈಕ್ರೋಬಯಾಲಜಿ ವಿಭಾಗಗಳಿವೆ. ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕಾ ವಿಶ್ವವಿದ್ಯಾಲಯ ದೂರವೇನಲ್ಲ. ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿಯಲ್ಲಿರುವ ಐಬಿಎಬಿ ಇದೇ ವಿಷಯದಲ್ಲಿ ತರಬೇತಿ ಕೊಡುವ ಸಂಸ್ಥೆ. ಸಣ್ಣ ಕಂಪನಿಗೆ ಪೂರ್ಣಾವಧಿ ನೌಕರ ಬೇಕಾಗಿಲ್ಲ, ತಿಂಗಳಿಗೆ ಕೆಲವು ಗಂಟೆಯ ಸಲಹೆಗಾರರು ಸಾಕು. ಆದರೆ ಕಂಪನಿಯ ಕಡೆಯಿಂದಲೂ ಒಬ್ಬರು ಇರಲೇಬೇಕು: ಹೊಲ ಗೊತ್ತಿರುವ ಬ್ರೀಡರೋ ಲ್ಯಾಬ್ ಗೊತ್ತಿರುವವರೋ, ವಾರಕ್ಕೆ ಒಂದು ಗಂಟೆ ಕೂತು ಮಾತಾಡುವವರು. 14ನೇ ಪ್ಲಾಟಿನ ಗಿಡ ಯಾಕೆ ಬೇರೆ ಥರ ಕಾಣುತ್ತಿದೆ ಎಂದು ಕೇಳಿದಾಗ, ‘ಅದರ ಪಕ್ಕದಲ್ಲೇ ಪೈಪ್ ಒಡೆದಿತ್ತು’ ಎಂದು ಹೇಳಬಲ್ಲವರು ಅವರೊಬ್ಬರೇ.

ನಮ್ಮಲ್ಲಿ ಮಳೆಯಾಶ್ರಿತ ಮೆಕ್ಕೆಜೋಳದ ಬಿತ್ತನೆ ಜೂನ್‌ನಲ್ಲಿ ಶುರುವಾಗುತ್ತದೆ. ಈ ಸಲದ ಟ್ರಯಲ್‌ನಿಂದ ಸ್ಯಾಂಪಲ್ ತೆಗೆಯುವ ಯೋಚನೆ ಇರುವವರು ಪ್ಲಾಟಿನ ನಕ್ಷೆ ಬರೆಯುವ ಮೊದಲೇ, ಅಂದರೆ ಏಪ್ರಿಲ್ ಒಳಗೆ, ತಜ್ಞರ ಜೊತೆ ಒಮ್ಮೆ ಕೂರಬೇಕು. ಹೋಗುವಾಗ ಕೈಯಲ್ಲಿರಬೇಕಾದ್ದು ಇಷ್ಟು: ಒಂದು ವಾಕ್ಯದ ಪ್ರಶ್ನೆ, ಉತ್ತರ ಬಂದರೆ ಏನು ತೀರ್ಮಾನ ಮಾಡುತ್ತೀರಿ ಎಂಬ ಎರಡು ಸಾಲು, ಹೊಲದ ಕರಡು ನಕ್ಷೆ, ಹೋದ ವರ್ಷದ ಟ್ರಯಲ್ ಅಂಕಿಗಳು, ಮತ್ತು ಖರ್ಚಿಗೆ ಇಟ್ಟಿರುವ ಮೊತ್ತ. ಮೊತ್ತ ಮುಚ್ಚಿಡಬೇಡಿ. ಎಷ್ಟು ಗಿಡ, ಎಷ್ಟು ಆಳ ಎಂಬ ಲೆಕ್ಕ ಅದರ ಮೇಲೇ ನಿಂತಿರುತ್ತದೆ.

— ಬಯೋಇನ್ಫರ್ಮ್ಯಾಟಿಕ್ಸ್ ಕೆಲಸದಲ್ಲಿರುವ ಕೆಲವು ಓದುಗರು, ದಾವಣಗೆರೆ